ಜವಾಬು ಕತ್ತರಿಸಿದ ಹಾಡು

ದೇಗಾಂವ
೧೬ ಜೂನ್ ೨೦೨೫, ಸೋಮವಾರ

ಪುಣೆಯಲ್ಲಿ ಕುಳಿತು ತತ್ವಶಾಸ್ತ್ರ ಓದುತ್ತಿರುವ ನನ್ನ ಮೊಮ್ಮಗಳು ಗಂಗಾಗೆ,

ನಿನ್ನ ಅಜ್ಜಿ ಸಿದ್ದಲಿಂಗವ್ವ ಇನ್ನೂ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ಕೈಕೊಟ್ಟಿವೆ. ನಿನ್ನಪ್ಪ ತಂದುಕೊಟ್ಟ ಕಿವಿಯ ಮಿಶನ್ನು ಫೋನಿನ ಹತ್ತಿರ ಹೋದರೆ ಕುಕ್ಕರಿನಂತೆ ಸೀಟಿ ಹೊಡೆಯುತ್ತದೆ. ಹಾಗಾಗಿ ನಾಲ್ಕನೇ ಇಯತ್ತೆ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ತಪ್ಪು ಹುಡುಕಬೇಡ. ಹುಡುಕಿದರೂ ನನಗೆ ಹೇಳಬೇಡ.

ನಿಮ್ಮಕ್ಕ ಸ್ನೇಹಲ್‌ಳ ಮದುವೆಯಲ್ಲಿ ನಾನು ಹಾಡಿದ್ದು ನಿನಗೆ ನೆನಪಿದೆ, ನೀನು ಎದುರಿಗೇ ನಿಂತು ಹಲ್ಲು ಬಿಡುತ್ತಿದ್ದೆ. ರಾಮದುರ್ಗದ ಬೀಗರ ಹೆಂಗಸರು ಸಾಲಾಗಿ ಊಟಕ್ಕೆ ಕುಳಿತಾಗ ಅಳಿಯನ ಅಜ್ಜಿ ಶಟ್ಟೆವ್ವನ ಮೇಲೆ ಹಾಡಿದೆ. ಹೆಣ್ಣು ಕೊಟ್ಟವರು ಬೈದು ಹಾಡಬೇಕು, ತೆಗೆದುಕೊಂಡವರು ಅದಕ್ಕೆ ಜವಾಬು ಹಾಡಬೇಕು. ಬೀಗತಿಗೆ 'ರೀ' ಹಚ್ಚದೆ ಮಾತಾಡುವುದಕ್ಕೆ ನಮಗೆ ಸಿಗುವುದು ಅದೊಂದೇ ಗಳಿಗೆ. ಹಾಡದೆ ಬಿಟ್ಟರೆ, 'ನಮ್ಮನ್ನ ಬೈಯುವಷ್ಟೂ ಹತ್ತಿರದವರಲ್ಲೇನು' ಎಂದು ಬೀಗರು ಮುನಿಸಿಕೊಳ್ಳುತ್ತಿದ್ದ ಕಾಲ ನಮ್ಮದು.

ಈಗ ಆ ಹಾಡು ಕಂಡಕಂಡವರ ಫೋನಿನಲ್ಲಿ ಬಂದಿದೆ. ಪೂರ್ತಿ ಅಲ್ಲ, ನನ್ನ ಪಾಲು ಮಾತ್ರ.

ರಾಮದುರ್ಗದ ಬೀಗತಿ ಬಂದಾಳ ನೋಡಿರೆ
ಆನಿಯಂಥ ಹೊಟ್ಟಿ ಹೊತಗೊಂಡು
ಹೋಳಿಗಿ ಹನ್ನೆರಡ ನುಂಗ್ಯಾಳ ನೋಡಿರೆ
ಇನ್ನೊಂದ ಸೆರಗಿನ್ಯಾಗ ಮುಚಗೊಂಡು

ನಾನು ಇಷ್ಟು ಹಾಡಿ ಕೈ ತಿರುವುತ್ತೇನೆ. ಶಟ್ಟೆವ್ವ ತಲೆ ತಗ್ಗಿಸುತ್ತಾಳೆ. ಅಲ್ಲಿಗೆ ಖಲಾಸ್. ಅವಳು ತಲೆ ತಗ್ಗಿಸಿದ್ದು ಬಾಯಲ್ಲಿನ ತುತ್ತು ನುಂಗಿ ಜವಾಬು ಕಟ್ಟಲಿಕ್ಕೆ. ತಲೆ ಎತ್ತಿ ಅವಳು ಹಾಡಿದ್ದೇ ಅದರಲ್ಲಿ ಇಲ್ಲ! ಬದಲಿಗೆ ಸತ್ತವರ ಮನೆಗೆ ಹೊಂದುವಂಥ ಪಿಟೀಲು ಹಾಕಿ, ಕೆಳಗೆ, 'ಹೆಣ್ಣಿನ ಕಡೆಯವರ ಸೊಕ್ಕು ನೋಡಿ, ಪಾಪ ಆ ತಾಯಿಯ ಕಣ್ಣೀರು' ಎಂದು ಬರೆದಿದ್ದಾರೆ. ಅದು ಕಣ್ಣೀರಲ್ಲ, ಬೆವರು. ಮೇ ತಿಂಗಳಲ್ಲಿ ತಗಡಿನ ಪೆಂಡಾಲಿನ ಕೆಳಗೆ ಕುಳಿತು ಉಂಡವರಿಗೆ ಬೆವರು ಬಾರದೆ ಇನ್ನೇನು ಬರುತ್ತದೆ? ಆರು ಲಕ್ಷ ಜನ ನೋಡಿದ್ದಾರಂತೆ. ಒಬ್ಬನಿಗಾದರೂ ಇದು ತಿಳಿಯಲಿಲ್ಲವೇ?

ನಗುವ ಮಾತಲ್ಲ ಕೂಸೇ. ರಾಮದುರ್ಗದಿಂದ ಹತ್ತು ದಿನದಿಂದ ಫೋನಿಲ್ಲ. ಆಷಾಢಕ್ಕೆ ಸ್ನೇಹಲ್‌ಳನ್ನು ಕರೆತರಲು ಯಾವಾಗ ಬರಲಿ ಎಂದು ನಿನ್ನಪ್ಪ ನಿಂಗರಾಜ ಕೇಳಿದರೆ, ಅವಳ ಮಾವ ಭೀಮಶಿ, 'ನೋಡೂಣು' ಅಂದನಂತೆ. ಬೀಗರು 'ನೋಡೂಣು' ಎಂದರೆ ಏನರ್ಥ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ.

ಚಿತ್ರ, ಟಿ.ವಿ., ಫೋನು ಮನುಷ್ಯರ ತಲೆಗೆ ಏನು ಮಾಡುತ್ತವೆ ಎಂಬುದನ್ನೇ ನೀನು ಅಲ್ಲಿ ಓದುತ್ತಿದ್ದೀಯಂತೆ. ಓದಿದ್ದು ಒಮ್ಮೆ ಮನೆಯ ಉಪಯೋಗಕ್ಕೆ ಬರಲಿ. ಇದನ್ನು ಕತ್ತರಿಸಿದವರು ಯಾರು, ಪತ್ತೆ ಹಚ್ಚಿ ತಿಳಿಸು.

ನಿನ್ನ ಅಜ್ಜಿ

•

ಪುಣೆ
೨೩ ಜೂನ್ ೨೦೨೫

ಪ್ರೀತಿಯ ಅಜ್ಜಿಗೆ ಗಂಗಾಳ ಶರಣು.

ನಿನ್ನ ಪತ್ರ ಹಾಸ್ಟೆಲ್ಲಿಗೆ ಬಂದಾಗ ಕಾವಲುಗಾರ ಮಾಮಾ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ಕೊಟ್ಟರು. ಇಲ್ಲಿ ಯಾರಿಗೂ ಕಾಗದ ಬರುವುದಿಲ್ಲ.

ವಿಡಿಯೊ ನಾನೂ ನೋಡಿದೆ. ಬೇಜಾರು ಮಾಡಿಕೊಳ್ಳಬೇಡ. ನಾನು ಓದುತ್ತಿರುವುದಕ್ಕೆ ಆಧುನಿಕೋತ್ತರ ಚಿಂತನೆ ಎನ್ನುತ್ತಾರೆ. ಅದರ ಪ್ರಕಾರ ನಮ್ಮ ಕಾಲದಲ್ಲಿ ಘಟನೆ ಮೊದಲು, ಚಿತ್ರ ಆಮೇಲೆ ಅಲ್ಲ. ಚಿತ್ರವೇ ಮೊದಲು ಬಂದುಬಿಡುತ್ತದೆ, ಘಟನೆ ಅದರ ಹಿಂದೆ ತಲೆ ತಗ್ಗಿಸಿ ಬರುತ್ತದೆ. ಎಲ್ಲರೂ ಒಪ್ಪುವ ಒಂದೇ ಸತ್ಯ ಎಂಬುದು ಈಗ ಉಳಿದಿಲ್ಲ, ಹಲವರು ಹೇಳುವ ಹಲವು ಕಥೆಗಳು ಮಾತ್ರ ಇವೆ. ನಕಲು ನಕಲನ್ನೇ ಹಡೆಯುತ್ತ ಹೋಗಿ, ಕೊನೆಗೆ ಅಸಲು ಯಾವುದು ಎಂದು ಕೇಳುವವರೇ ಇರುವುದಿಲ್ಲ.

ಹಾಗಾಗಿ ಕತ್ತರಿಸಿದವರು ಯಾರು ಎಂಬುದು ದೊಡ್ಡ ಪ್ರಶ್ನೆಯಲ್ಲ ಅಜ್ಜಿ. ಒಂದು ತುಂಡಿಗೆ ಅರ್ಥ ಕೊಡುವವರು ಅದನ್ನು ಮಾಡಿದವರಲ್ಲ, ನೋಡುವವರು. ಯಾರೋ ಪ್ರೀತಿಯಿಂದಲೇ ಹಾಕಿರಬಹುದು, ಇನ್ನಾರೋ ಪಿಟೀಲು ಸೇರಿಸಿರಬಹುದು. ಒಬ್ಬರನ್ನೇ ಹಿಡಿದು ತಪ್ಪು ಹೊರಿಸಲು ಬರುವುದಿಲ್ಲ.

ಅಕ್ಕ ಫೋನಿನಲ್ಲಿ ಚೆನ್ನಾಗಿದ್ದೇನೆ ಎನ್ನುತ್ತಾಳೆ. ಶಟ್ಟೆವ್ವಜ್ಜಿ ಏನಂದರಂತೆ? ಬರೆ.

ನಿನ್ನ ಗಂಗಾ

•

ದೇಗಾಂವ
೩೦ ಜೂನ್ ೨೦೨೫, ಸೋಮವಾರ

ಪಂಡಿತೆ ಗಂಗಾಗೆ,

ನಿನ್ನ ಪತ್ರವನ್ನು ನಿನ್ನವ್ವನ ಕೈಲಿ ಒಮ್ಮೆ ಓದಿಸಿ, ನಾನೊಮ್ಮೆ ಓದಿದೆ. ಅವಳಿಗೆ ತಿಳಿಯಲಿಲ್ಲ, ಆದರೂ 'ಭಾಳ ಛಲೋ ಬರದಾಳ' ಅಂದಳು. ಹೆತ್ತವಳು, ಅನ್ನಲಿ.

ಆಧುನಿಕ ಮುಗಿದು ಅದರ ಆಚೆ ಹೋದವರು ನೀವು. ನಮ್ಮ ಮನೆಯ ಮುಂದಿನ ಗಟಾರ ನೋಡಿದ್ದೀಯಲ್ಲ, ಅದು ಇನ್ನೂ ಆಧುನಿಕಕ್ಕೇ ಬಂದು ಮುಟ್ಟಿಲ್ಲ. ಇರಲಿ. ಒಂದು ಮಾತು ಕೇಳುತ್ತೇನೆ: ಕತ್ತರಿ ಹಿಡಿದ ಕೈ ಯಾವುದು ಅಂದರೆ ನೀನು ಯಾಕೆ ಆಕಾಶ ತೋರಿಸುತ್ತೀ? ನೋಡಿದವರದ್ದು ಅರ್ಥವಂತೆ! ನಾಳೆ ನಾನು ಸಾರಿನಲ್ಲಿ ಎರಡು ಹಿಡಿ ಉಪ್ಪು ಹೆಚ್ಚಿಗೆ ಹಾಕಿ, ತಪ್ಪು ಉಂಡವರ ನಾಲಿಗೆಯದು ಎನ್ನಲೇ?

ಹುಡುಕುವ ಕಷ್ಟ ನಿನಗೆ ಬೇಡ. ನಾನೇ ಹುಡುಕಿದ್ದೇನೆ. ಮದುವೆಯ ವಿಡಿಯೊ ತೆಗೆದವನು ಬೈಲಹೊಂಗಲದ ಅಯಾಜ್. ಹಾಡು ಇದ್ದದ್ದು ಅವನ ಡಬ್ಬಿಯಲ್ಲಿ, ಕತ್ತರಿಸುವ ಕಂಪ್ಯೂಟರೂ ಅವನದೇ. ಇನ್ನೇನು ಬೇಕು? ಗುರುವಾರ ಬಸ್ಸು ಹತ್ತಿ ಅವನ ಸ್ಟುಡಿಯೋಕ್ಕೆ ಹೋದೆ. ಎದುರಿನ ಚಹಾದ ಅಂಗಡಿಯ ಜನವೆಲ್ಲ ಗ್ಲಾಸು ಹಿಡಿದು ಹೊರಗೆ ಬಂದರು.

"ನಿಮ್ಮಪ್ಪ ನನ್ನ ಮಗನ ಮದುವಿ ಫೋಟೊ ತೆಗದವ. ನೀ ನನ್ನ ಮೊಮ್ಮಗಳ ಸಂಸಾರಕ್ಕ ಕತ್ತರಿ ಹಾಕಿದೆಲ್ಲೊ!" ಅಂದೆ.

"ಅಜ್ಜಿ, ಒಳಗ ಬರ್ರಿ, ಕುಂತು ಮಾತಾಡೂಣು," ಅಂದ.

"ನಿನ್ನ ಮನಿ ನೀರೂ ಒಲ್ಲೆ. ನೀ ಮಾಡಿಲ್ಲಂತ ಹೇಳ ನೋಡೂಣು."

ಹೇಳಲಿಲ್ಲ. ನೆಲ ನೋಡುತ್ತ ನಿಂತ. ತಪ್ಪು ಮಾಡದವನು ಹಾಗೆ ನಿಲ್ಲುತ್ತಾನೆಯೇ? ಬಾಯಿಗೆ ಬಂದದ್ದೆಲ್ಲ ಅಂದು ಬಂದೆ. ದೇಗಾಂವದಲ್ಲೂ ಎಲ್ಲರಿಗೂ ಹೇಳಿದ್ದೇನೆ. ಮೇಲಿನ ಓಣಿಯವರು ಸೀಮಂತಕ್ಕೆ ಅವನನ್ನು ಕರೆಯುವವರಿದ್ದರು, ಬಿಟ್ಟರು.

ಈಗ ಕೆಟ್ಟ ಸುದ್ದಿ. ಆಷಾಢಕ್ಕೆ ಸ್ನೇಹಲ್ ಬರಲಿಲ್ಲ. ಅತ್ತೆ ಸೊಸೆ ಒಂದೇ ಹೊಸ್ತಿಲಲ್ಲಿ ಇರಬಾರದು ಎಂಬುದನ್ನು ಅವರೂ ಮೀರಲಿಲ್ಲ. ಆದರೆ ತವರಿಗೆ ಕಳಿಸುವ ಬದಲು ಯರಗಟ್ಟಿಯಲ್ಲಿ ಅಳಿಯನ ಸೋದರತ್ತೆಯ ಮನೆಯಲ್ಲಿ ಇಟ್ಟಿದ್ದಾರೆ. ಹೊಸ ಮದುಮಗಳು, ತವರು ಜೀವಂತ ಇರುವಾಗ, ಮಂದಿ ಮನೆಯಲ್ಲಿ ಆಷಾಢ! ನಿನ್ನವ್ವ ಎರಡು ದಿನ ರೊಟ್ಟಿ ಮುಟ್ಟಲಿಲ್ಲ.

ನೀನು ಕೇಳಿದೆ, ಶಟ್ಟೆವ್ವ ಏನಂದಳು ಎಂದು. ಏನೂ ಅಂದಿಲ್ಲವಂತೆ. ಅದೇ ನನಗೆ ತಿಳಿಯದು. ಆ ಹೆಂಗಸು ಜವಾಬು ಕೊಟ್ಟದ್ದನ್ನು ನೂರು ಹೆಂಗಸರು ಕೇಳಿದ್ದಾರೆ. ಗಂಡಸರು ಹೊರಗಿನ ಪೆಂಡಾಲಿನಲ್ಲಿದ್ದರು, ಭೀಮಶಿಗೆ ಗೊತ್ತಿಲ್ಲ. ಸರಿ, ತಾಯಿಯಾಗಿ ಇವಳಾದರೂ ಅವನಿಗೆ ಹೇಳಬಾರದೇ?

ಇನ್ನೊಂದು ಸುದ್ದಿ ಬರೆಯುವುದಿಲ್ಲ ಅಂದುಕೊಂಡಿದ್ದೆ. ಕಮಲನಾರಾಯಣನ ಗುಡಿ ನೋಡಲು ಬಂದ ಯಾರೋ ನಾಲ್ಕು ಜನ ನನ್ನನ್ನು ಗುರುತು ಹಿಡಿದು, 'ನೀವ ಅಲ್ರಿ ಹೋಳಿಗಿ ಅಜ್ಜಿ? ನಮಗೂ ಒಮ್ಮೆ ಬೈರಿ' ಎಂದು ಫೋನು ಹಿಡಿದರು. 'ನಿಮ್ಮ ಮಾರಿಗೆ ಬೆಂಕಿ ಹತ್ತಲಿ, ಹೋಗ್ರಿ' ಅಂದೆ. ಚಪ್ಪಾಳೆ ತಟ್ಟಿದರು. ಆಮೇಲೆ ಗಮನಿಸಿದೆ: ನಾನು ಬೈದದ್ದು ಅದೇ ರಾಗದಲ್ಲಿ, ಕೈ ತಿರುವಿದ್ದೂ ಹಾಗೇ. ಎಪ್ಪತ್ತು ವರ್ಷ ನನ್ನ ಬೈಗುಳ ನನ್ನದಾಗಿತ್ತು. ಈಗ ಬೈಯುವಾಗ ನನಗೇ ಆ ಫೋನಿನ ಮುದುಕಿ ಕಾಣುತ್ತಾಳೆ.

ಮಳೆಯಲ್ಲಿ ತೋಯಬೇಡ. ಅಲ್ಲಿ ಕೊಡೆಯನ್ನಾದರೂ ಹಿಡಿಯುತ್ತೀಯೋ, ಅದಕ್ಕೂ ಹಲವು ಕಥೆಗಳಿವೆಯೋ?

ನಿನ್ನ ಅಜ್ಜಿ

•

ಪುಣೆ
೧೨ ಜುಲೈ ೨೦೨೫

ಅಜ್ಜಿ,

ತಡವಾಯಿತು. ಪ್ರಬಂಧದ ಕೆಲಸ ಇತ್ತು.

ಅಯಾಜ್ ಅಣ್ಣನ ಬಗ್ಗೆ ಅವಸರ ಮಾಡಬೇಡ. ಅವರ ಹತ್ತಿರ ವಿಡಿಯೊ ಇತ್ತು ಅಂದ ಮಾತ್ರಕ್ಕೆ ಅವರೇ ಮಾಡಿದ್ದಾರೆ ಎಂದಲ್ಲ. ಸುಮ್ಮನೆ ನಿಂತವರೆಲ್ಲ ತಪ್ಪಿತಸ್ಥರಲ್ಲ. ಊರಿನಲ್ಲಿ ಇನ್ನು ಯಾರಿಗೂ ಹೇಳಬೇಡ, ದಯವಿಟ್ಟು. ಸೀಮಂತದವರಿಗೂ ಅವರನ್ನೇ ಕರೆಯಲು ಹೇಳು.

ಅಕ್ಕ ಪಂಚಮಿಗೆ ಬರುತ್ತಾಳಲ್ಲವೇ?

ಕೊಡೆ ಹಿಡಿಯುತ್ತೇನೆ.

ಗಂಗಾ

•

ದೇಗಾಂವ
೧೭ ಜುಲೈ ೨೦೨೫, ಗುರುವಾರ

ಗಂಗಾಗೆ,

ಎರಡು ವಾರ ದಾರಿ ನೋಡಿದೆ, ಬಂದದ್ದು ಅಂಗೈಯಗಲ ಕಾಗದ. ಅದರಲ್ಲೂ ಅರ್ಧ ಅಯಾಜ್‌ನ ವಕೀಲಿ. ಯಾಕೆ? ಮನಸ್ಸಿನಲ್ಲಿ ಏನಾದರೂ ಇದ್ದರೆ ಈಗಲೇ ಬಾಯಿ ಬಿಡು. ಅವನಿಗೆ ಹೆಂಡತಿ ಇದ್ದಾಳೆ, ಜನ್ನತ ಎಂಬ ಮುದ್ದಾದ ಮಗಳಿದ್ದಾಳೆ. ಪುಣೆಯ ನೀರು ಕುಡಿದು ನಿನಗೆ ಇದು ಮರೆತುಹೋಗಿದ್ದರೆ ನೆನಪಿಸುತ್ತಿದ್ದೇನೆ.

ಪಂಚಮಿಯ ಮಾತು ಕೇಳಿದೆ. ನಿನ್ನಪ್ಪ ಮೊನ್ನೆ ರಾಮದುರ್ಗಕ್ಕೆ ಹೋಗಿದ್ದ, ಕರೆಯಲು. ಭೀಮಶಿ ಮಗ್ಗದ ಕೋಣೆಯ ಮುಂದೆ ಕುರ್ಚಿ ಹಾಕಿಸಿ ಚಹಾ ಕುಡಿಸಿದನಂತೆ. ಮರ್ಯಾದೆಗೆ ಕಮ್ಮಿ ಮಾಡಲಿಲ್ಲ. ಆಮೇಲೆ ಫೋನು ತೆಗೆದು ತೋರಿಸಿದನಂತೆ.

"ಇದನ್ನ ನಾ ಪ್ಯಾಟ್ಯಾಗ ದಿನಾ ನೋಡತೇನ್ರಿ, ಬೀಗರ. ಮಂದಿ ನನ್ನ ಕಂಡ ಕೂಡಲೆ ಹೋಳಿಗಿ ಎಷ್ಟಂತ ಕೇಳತಾರ. ನಮ್ಮವ್ವ ಅಳೂದು ನಾ ಹುಟ್ಟಿದಾಗಿಂದ ನೋಡಿದ್ದಿಲ್ಲ. ಇದರಾಗ ನೋಡಿದೆ."

"ಅವರು ತಿರುಗಿ ಹಾಡ್ಯಾರ್ರಿ. ಹೆಂಗಸರನ್ನ ಕೇಳ್ರಿ," ಅಂದನಂತೆ ನಿನ್ನಪ್ಪ.

"ಕೇಳೇನಿ. ಹಾಡಿದ್ದರ ಇದರಾಗ ಯಾಕ ಇಲ್ಲ?"

ನೋಡು! ಕಿವಿಯಲ್ಲಿ ಕೇಳಿದ ನೂರು ಹೆಂಗಸರು ಸುಳ್ಳು, ಫೋನು ಖರೆ. ಸ್ನೇಹಲ್ ಯರಗಟ್ಟಿಯಿಂದ ಮಾವನಿಗೆ ಫೋನು ಮಾಡಿದ್ದಳಂತೆ. ಅವಳೂ ಹೇಳಿ ನೋಡಿದ್ದಾಳೆ, 'ನೀ ತವರಿನ ಪರ ಮಾತಾಡತಿ' ಎಂದು ಬಾಯಿ ಮುಚ್ಚಿಸಿದ್ದಾರೆ. ಪಂಚಮಿಗೆ ಕಳಿಸುವುದಿಲ್ಲ ಎಂದು ಭೀಮಶಿ ಅಂದಿಲ್ಲ. ಕಳಿಸುತ್ತೇನೆ ಎಂದೂ ಅಂದಿಲ್ಲ. ಅಮಾವಾಸ್ಯೆಗೆ ಇನ್ನೊಂದು ವಾರ. ಲಗ್ನವಾದ ವರ್ಷ ಪಂಚಮಿಗೆ ಬಾರದ ಮಗಳು ಮುಂದೆ ಯಾವ ಮುಖ ಹೊತ್ತು ಬರುತ್ತಾಳೆ? ಒಮ್ಮೆ ಬಿದ್ದ ಬಾಗಿಲು ಮನೆಯವರೇ ತೆಗೆದರೂ ಕಿರುಗುಟ್ಟುತ್ತದೆ.

ನಿನ್ನವ್ವ ಪಂಚಮಿಯ ಉಂಡಿಗೆ ಶೇಂಗಾ ಹುರಿದಿಟ್ಟು, ಕಟ್ಟಲೋ ಬೇಡವೋ ಎಂದು ನನ್ನ ಮುಖ ನೋಡುತ್ತಾಳೆ. ನಾನೇನು ಹೇಳಲಿ? ತಪ್ಪು ನನ್ನ ಬಾಯಿಯದು. ಇನ್ನು ಹಾಡುವುದಿಲ್ಲ ಎಂದು ಮನೆದೇವರು ಮಲ್ಲಯ್ಯನ ಮುಂದೆ ಕೈಮುಗಿದಿದ್ದೇನೆ. ಬೈಯುವುದನ್ನೂ ಬಿಟ್ಟಿದ್ದೇನೆ. ಐದು ದಿನ ಆಯಿತು. ಮನೆ ಸಪ್ಪಗಾಗಿದೆ. ನಿನ್ನಪ್ಪ, 'ಯವ್ವಾ, ಜ್ವರ ಬಂದಾವೇನು?' ಎಂದು ಹಣೆ ಮುಟ್ಟಿ ನೋಡಿದ. ಹಾಲಿನವನು ನೀರು ಹಾಕಿ ತಂದ, ಅವನಿಗೂ ಏನೂ ಅನ್ನಲಿಲ್ಲ. ಅವನು ಹೆದರಿ ಮರುದಿನ ಗಟ್ಟಿ ಹಾಲು ತಂದ.

ಹೊಟ್ಟೆ ತುಂಬ ಉಣ್ಣು. ನನ್ನ ಚಿಂತೆ ಮಾಡಬೇಡ.

ಅಜ್ಜಿ

•

ಪುಣೆ
೨೦ ಜುಲೈ ೨೦೨೫, ರವಿವಾರ

ಅಜ್ಜಿ,

ನೀನು ಬೈಯುವುದನ್ನು ಬಿಟ್ಟಿದ್ದೀ ಎಂದು ಓದಿದ ಮೇಲೆ ನನಗೆ ಬೇರೆ ಏನೂ ಓದಲು ಆಗಲಿಲ್ಲ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಅಪ್ಪನಿಗೆ ಫೋನಿನಲ್ಲಿ ಹೇಳಲು ಎರಡು ಸಲ ಹೋದೆ. ಎರಡು ಸಲವೂ ಊಟ ಆಯಿತೇ ಎಂದು ಕೇಳಿ ಇಟ್ಟೆ.

ಹಾಡು ಕತ್ತರಿಸಿದವಳು ನಾನು.

ಅಯಾಜ್ ಅಣ್ಣನನ್ನು ಕಾಡಿ ಬೇಡಿ ಆ ಭಾಗವನ್ನು ತರಿಸಿಕೊಂಡೆ. ಅವರು ಪೂರ್ತಿಯಾಗಿಯೇ ಕಳಿಸಿದ್ದರು. ಇಲ್ಲಿ ತರಗತಿಯ ಗೆಳತಿಯರಿಗೆ ನಿನ್ನನ್ನು ತೋರಿಸುವ ಆಸೆ. ಆದರೆ ಪೂರ್ತಿ ಹಾಡಿನಲ್ಲಿ ಶಟ್ಟೆವ್ವಜ್ಜಿಯ ಜವಾಬಿಗೆ ನೀನು ಸೋತು, ಹೊಟ್ಟೆ ಹಿಡಿದುಕೊಂಡು ನಕ್ಕು, ಕಂಬಕ್ಕೆ ಆತುಕೊಳ್ಳುತ್ತೀ. ಎಲ್ಲರೂ ಅವರಿಗೆ ಚಪ್ಪಾಳೆ ತಟ್ಟುತ್ತಾರೆ. ನನ್ನ ಅಜ್ಜಿ ಸೋಲುವುದು ನನಗೆ ಬೇಡವಾಗಿತ್ತು. ನೀನು ಕೈ ತಿರುವಿದಲ್ಲಿಗೆ ನಿಲ್ಲಿಸಿ, 'ನಮ್ಮಜ್ಜಿಗೆ ಜವಾಬು ಕೊಡುವವರು ಯಾರಿದ್ದಾರೆ' ಎಂದು ಬರೆದು ಹಾಕಿದೆ. ಮೂರನೇ ದಿನ ಯಾರೋ ಅದಕ್ಕೆ ಪಿಟೀಲು ಸೇರಿಸಿದರು. ನಾನು ಅಳಿಸಿದೆ, ಆದರೆ ಅಷ್ಟರಲ್ಲಿ ಅದು ನನ್ನ ಕೈಯಲ್ಲಿ ಇರಲಿಲ್ಲ.

ಅಯಾಜ್ ಅಣ್ಣನಿಗೆ ಯಾರಿಗೂ ಹೇಳಬೇಡಿ ಎಂದು ನಾನೇ ಕೇಳಿಕೊಂಡಿದ್ದೆ. ನೀನು ಬೀದಿಯಲ್ಲಿ ಬೈದಾಗಲೂ ಅವರು ಮಾತು ಉಳಿಸಿಕೊಂಡರು. ನಾನು ನಿನಗೆ ಆಕಾಶ ತೋರಿಸಿದೆ. ಕಲಿತದ್ದನ್ನೆಲ್ಲ ನನ್ನ ಕೈ ಮುಚ್ಚಿಕೊಳ್ಳಲು ಬಳಸಿದೆ. ಆ ವಿದ್ಯೆಯಲ್ಲಿ ಸುಳ್ಳಿಲ್ಲ ಅಜ್ಜಿ, ಸುಳ್ಳು ನನ್ನದು.

ಪೂರ್ತಿ ವಿಡಿಯೊ ಈಗಲೂ ನನ್ನ ಹತ್ತಿರ ಇದೆ. ನೀನು ಹೂಂ ಅಂದರೆ ಇಂದೇ ಹಾಕುತ್ತೇನೆ, ಭೀಮಶಿ ಮಾವನಿಗೂ ಕಳಿಸುತ್ತೇನೆ. ಬೇಕಾದಷ್ಟು ಬೈ. ಬೈಯದೆ ಮಾತ್ರ ಇರಬೇಡ.

ಗಂಗಾ

•

ದೇಗಾಂವ
೨೪ ಜುಲೈ ೨೦೨೫, ಅಮಾವಾಸ್ಯೆ

ಗಂಗಾ,

ಪತ್ರ ಮುಟ್ಟಿತು. ಮೂರು ಸಲ ಓದಿದೆ. ಈಗ ಏನೂ ಬರೆಯುವುದಿಲ್ಲ, ಬರೆದರೆ ಈ ಕಾರ್ಡು ಸುಟ್ಟುಹೋಗುತ್ತದೆ.

ವಿಡಿಯೊ ಎಲ್ಲಿಯೂ ಹಾಕಬೇಡ. ಭೀಮಶಿಗೂ ಕಳಿಸಬೇಡ. ನಾಳೆ ಶ್ರಾವಣ ಹಿಡಿಯುತ್ತದೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಅಜ್ಜಿ

•

ದೇಗಾಂವ
೩೦ ಜುಲೈ ೨೦೨೫, ಬುಧವಾರ

ನನ್ನ ಗಂಗಾಗೆ,

ಶುಕ್ರವಾರ ಮೊದಲು ಬೈಲಹೊಂಗಲದಲ್ಲಿ ಇಳಿದೆ. ಅಯಾಜ್ ನನ್ನನ್ನು ಕಂಡು ಎದ್ದು ನಿಂತ, ಸ್ಟೂಲು ಒರೆಸಿ ಹಾಕಿದ. ನಾನು ಕುಳಿತುಕೊಳ್ಳಲಿಲ್ಲ.

"ಗೊತ್ತಿದ್ದೂ ಯಾಕ ಹೇಳಲಿಲ್ಲೊ?"

"ಗಂಗಾ ಹೇಳಬ್ಯಾಡ ಅಂದಿದ್ದಳ್ರಿ. ಹೆಣ್ಣಮಗಳು, ಕಲಿಯಾಕ ಹೋದಾಕಿ. ಹೆದರಿದ್ದಳು."

"ಹೇಳಬ್ಯಾಡ ಬಿಡು. ನಾ ಅಷ್ಟು ಬೈದಾಗ ತಿರುಗಿ ಒಂದ ಮಾತರೆ ಅನಬೇಕೊ ಬ್ಯಾಡೊ?"

ಅವನು ಸ್ಟೂಲು ನನ್ನ ಹತ್ತಿರ ಸರಿಸಿ, "ನೀವು ಹಾಡಿನ್ಯಾಗ ಬೈದಿದ್ದರ ಜವಾಬ ಕೊಡತಿದ್ದೆ ಅಜ್ಜಿ," ಅಂದ. "ನೀವು ಖರೇನ ಬೈದ್ರಿ."

ಆಗ ಕುಳಿತೆ.

ಒಳಗಿನಿಂದ ಅವನ ತಾಯಿ ಬೇಗಂಬಿ ಬಂದಳು. ಮಗ ಬಾಯಲ್ಲಿ ಉಳಿಸಿಟ್ಟ ಮಾತನ್ನೆಲ್ಲ ಅವಳು ಕೊಟ್ಟಳು. "ಸಿದ್ದವ್ವಕ್ಕಾ, ನನ್ನ ಗಂಡ ಹೋದಾಗ ನೀವು ಬಂದು ನನ್ನ ಬಾಯಿಗೆ ಗಂಜಿ ಹಾಕಿದವರು. ನನ್ನ ಮಗನ ಮಾರಿ ನೋಡಿ ನಿಮಗ ತಿಳೀಲಿಲ್ಲೇನ್ರಿ? ಅವ ಎಂಟ ದಿನ ಅಂಗಡಿ ತೆಗೀಲಿಲ್ಲ!" ನಾನು, "ಅನ್ನು ಯವ್ವಾ, ಇನ್ನೂ ಅನ್ನು," ಅಂದೆ. ಚಹಾ ಕುಡಿಸಿ ಮತ್ತೆ ಅಂದಳು. ಆಮೇಲೆ ನಾನು ಎದುರಿನ ಚಹಾದ ಅಂಗಡಿಗೆ ಹೋಗಿ, ಅಂದು ಗ್ಲಾಸು ಹಿಡಿದು ನಿಂತಿದ್ದವರಲ್ಲಿ ಯಾರಿದ್ದರೋ ಅವರಿಗೆ, 'ನಾ ಅಂದದ್ದು ಸುಳ್ಳ, ಹುಡುಗಂದು ಏನೂ ತಪ್ಪಿಲ್ಲ' ಎಂದು ಕೂಗಿ ಹೇಳಿದೆ. ಅವರು ಅಂದು ಬಂದಷ್ಟು ಹುರುಪಿನಿಂದ ಈ ಸಲ ಹೊರಗೆ ಬರಲಿಲ್ಲ. ಜನ ಬೈಗುಳಕ್ಕೆ ಬೇಗ ಸೇರುತ್ತಾರೆ.

ಭೀಮಶಿ ಫೋನು ನೋಡಿ ನನ್ನನ್ನು ನಂಬಲಿಲ್ಲ ಎಂದು ಸಿಟ್ಟು ಬಂದಿತ್ತು. ನಾನಾದರೂ ಏನು ಮಾಡಿದೆ? ಫೋನೂ ಬೇಕಾಗಲಿಲ್ಲ. ಅಯಾಜ್‌ನ ಕೈಯಲ್ಲಿ ಕತ್ತರಿ ಇಟ್ಟ ಒಂದು ಚಿತ್ರವನ್ನು ನನ್ನ ತಲೆಯಲ್ಲೇ ಮಾಡಿಕೊಂಡು ದಿನವೂ ನೋಡಿದೆ.

ಅಲ್ಲಿಂದ ಸವದತ್ತಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ. ಮಧ್ಯಾಹ್ನ ಮುಟ್ಟಿದೆ. ಭೀಮಶಿ ಕಟ್ಟೆಯ ಮೇಲಿದ್ದ. 'ಬರ್ರಿ' ಅಂದ, ನಗಲಿಲ್ಲ.

"ಒಳಗ ಬರೂದಿಲ್ಲ," ಅಂದೆ. "ನಿಮ್ಮವ್ವನ್ನ ಕರೀರಿ. ಅವರು ನನಗ ಜವಾಬ ಕೊಡೂದೈತಿ."

ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ನೇಯುವವರು ಬಾಗಿಲಿಗೆ ಬಂದರು. ಓಣಿಯ ಹೆಂಗಸರು ಬಂದರು. ಮೂರು ಜನ ಫೋನು ಎತ್ತಿದರು. ಆಷಾಢ ಮುಗಿದು ಬೆಳಿಗ್ಗೆಯಷ್ಟೇ ಯರಗಟ್ಟಿಯಿಂದ ಮರಳಿದ್ದ ಸ್ನೇಹಲ್‌ಳ ಕೈ ಹಿಡಿದು ಶಟ್ಟೆವ್ವ ಹೊರಗೆ ಬಂದಳು. ಎರಡು ತಿಂಗಳಲ್ಲಿ ಆ ಮುದುಕಿ ಅರ್ಧ ಆಗಿದ್ದಾಳೆ.

"ಎಂಥಾ ಜವಾಬ್ರಿ?" ಅಂದಳು.

"ಮದುವ್ಯಾಗ ಕೊಟ್ಟಿದ್ರೆಲ್ಲ, ಅದ."

"ನಾ ಎಲ್ಲಿ ಕೊಟ್ಟೇನ್ರಿ ಬೀಗತಿ. ನಾ ಸುಮ್ಮನ ಕುಂತಿದ್ದೆ."

"ಯಾರ ಹೇಳ್ಯಾರ?"

"ನೋಡೇನಲ್ಲ. ದಿನಾ ತೋರಸ್ತಾರ. ತಲಿ ಬಗ್ಗಿಸಿ ಕುಂತೇನಿ, ಕಣ್ಣಾಗ ನೀರ ಬಂದಾವ. ಮೊದಲ ಮೊದಲ ನಾ ಏನೊ ಹಾಡಿದ್ದೆ ಅನಸ್ತಿತ್ತು. ಈಗ ಹಂಗ ಅನಸೂದಿಲ್ಲ. ವಯಸ್ಸಾತು, ಕನಸ ಬಿದ್ದಿತ್ತೇನೊ."

ಗಂಗಾ, ನೀನು ಬರೆದಿದ್ದೆ, ಚಿತ್ರ ಮೊದಲು, ಘಟನೆ ಆಮೇಲೆ ಎಂದು. ನಾನು ಸಾರಿಗೆ ಉಪ್ಪು ಹಾಕಿ ನಕ್ಕಿದ್ದೆ. ಆ ಹೊತ್ತಿನಲ್ಲಿ ನಗು ಬರಲಿಲ್ಲ. ಆ ಹೆಂಗಸು ಐವತ್ತು ಮದುವೆಗಳಲ್ಲಿ ಬೀಗರನ್ನು ಸೋಲಿಸಿದವಳು. ತನ್ನ ಬಾಯಿಂದ ಬಂದ ಹಾಡನ್ನು ತನ್ನಿಂದಲೇ ಕಳೆದುಕೊಂಡಿದ್ದಾಳೆ. ಮುನಿಸಲ್ಲ ಅವಳದು. ತಾನು ಅತ್ತದ್ದೇ ಖರೆ ಎಂದು ನಂಬಿ ನಾಚಿಕೊಂಡು ಕುಳಿತಿದ್ದಾಳೆ. ನೂರು ಹೆಂಗಸರು ಹೇಳಿದರೂ, ಪೂರ್ತಿ ವಿಡಿಯೊ ತೋರಿಸಿದರೂ, ಅದೂ ಇನ್ನೊಂದು ಚಿತ್ರ ಎಂದು ನೋಡುತ್ತಿದ್ದಳು ಅಷ್ಟೇ. ಹಾಡು ಅವಳ ಗಂಟಲಿಗೇ ಮರಳಬೇಕಿತ್ತು.

ಹಾಡುವುದಿಲ್ಲ ಎಂದು ಕೈಮುಗಿದದ್ದಕ್ಕೆ ಮಲ್ಲಯ್ಯನಲ್ಲಿ ತಪ್ಪೊಪ್ಪಿಕೊಂಡು, ಅಂಗಳದ ನಡುವೆ ನಿಂತು ನನ್ನ ಮೇಲೆ ನಾನೇ ಹಾಡಿದೆ. ಅವಳು ಅಂದು ನನಗೆ ಹಾಕಿದ್ದು, ಅವಳ ರಾಗದಲ್ಲೇ.

ದೇಗಾಂವಿ ಸಿದ್ದವ್ವ ಬಾಯಿ ಜೋರ ಮಾಡತಿ
ಬಾಯಾಗ ಹಲ್ಲೆಷ್ಟ ಉಳದಾವ ಹೇಳ
ಹನ್ನೆರಡ ಹೋಳಿಗಿ ಉಂಡಾಕಿ ನಾ ಖರೆ

ಅಲ್ಲಿಗೆ ನಿಲ್ಲಿಸಿದೆ. ಬೇಕಂತಲೇ. ಶಟ್ಟೆವ್ವ ನನ್ನನ್ನೇ ನೋಡುತ್ತಿದ್ದಳು. ತುಟಿ ಅಲುಗಿದವು. ಮೊದಲು ಸದ್ದಿಲ್ಲ. ಸ್ನೇಹಲ್‌ಳ ಕೈ ಬಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ನಿನ್ನ ಹೋಳಿಗ್ಯಾಗ ಹೂರಣ ಎಲ್ಲೈತಿ ಹೇಳ!

ನನ್ನ ಕೆಟ್ಟ ಕಿವಿಗೂ ಕೇಳಿತು, ಮಿಶನ್ನು ಸೀಟಿ ಹೊಡೆಯಿತು. ಹೆಂಗಸರು ಕೂಗಿಕೊಂಡರು. ಶಟ್ಟೆವ್ವ ನಿಲ್ಲಲಿಲ್ಲ, ಇನ್ನೂ ಎರಡು ಕಟ್ಟಿ ಹಾಡಿದಳು. ಒಂದು ನನ್ನ ಮೂಗಿನ ಮೇಲೆ, ಒಂದು ನಿನ್ನಪ್ಪನ ಡೊಳ್ಳು ಹೊಟ್ಟೆಯ ಮೇಲೆ. ಆಮೇಲೆ ಮಗನ ಕಡೆ ತಿರುಗಿ, "ಏನೊ ಭೀಮಶಿ, ನಿಮ್ಮವ್ವ ಅಳುಮುಂಜಿ ಏನೊ? ಬೀಗತಿಗೆ ನೀರ ಕೊಡೂದ ಬಿಟ್ಟು ಕಂಬದಂಗ ನಿಂತಿ!" ಅಂದಳು. ಅವನು ನಿಂತಲ್ಲೇ ಕಣ್ಣು ಒರೆಸಿಕೊಂಡ. ಫೋನು ಎತ್ತಿದವರನ್ನು ಅವನೇ ಗದರಿಸಿದ: "ತೆಗೀರಿ ಅವನ್ನ!"

ಒಳಗೆ ಊಟಕ್ಕೆ ಕುಳಿತಾಗ ನೀನು ಮಾಡಿದ್ದನ್ನು ನಾನೇ ಅವರಿಗೆ ಹೇಳಿದೆ, ಒಂದನ್ನೂ ಮುಚ್ಚದೆ. ನನ್ನನ್ನು ಗೆಲ್ಲಿಸಲಿಕ್ಕೆ ಕತ್ತರಿಸಿದೆ ಎಂದೂ ಹೇಳಿದೆ. ಭೀಮಶಿ ಮುಖ ಗಂಟು ಹಾಕಿದ. ಶಟ್ಟೆವ್ವ ಬಹಳ ಹೊತ್ತು ನಕ್ಕಳು.

ರವಿವಾರ ಭೀಮಶಿ ತಾನೇ ಕಾರಿನಲ್ಲಿ ಸ್ನೇಹಲ್‌ಳನ್ನು ತಂದು ಬಿಟ್ಟ. ನಿನ್ನವ್ವ ಅಂದು ಸಂಜೆಯೊಳಗೆ ಐದು ಬಗೆಯ ಉಂಡಿ ಕಟ್ಟಿದಳು. ನಿನ್ನೆ ಪಂಚಮಿಗೆ ಹಾಲೆರೆದು ಬಂದು ಸ್ನೇಹಲ್ ಬೇವಿನ ಮರದ ಜೋಕಾಲಿ ಹತ್ತಿದಳು. ನನ್ನನ್ನೂ ಎಳೆದು ಕೂರಿಸಿದರು, ಸೊಂಟ ಹಿಡಿದಿದೆ.

ಪೂರ್ತಿ ವಿಡಿಯೊ ಯಾಕೆ ಬೇಡ ಅಂದೆ ಎಂದು ನೀನು ಕೇಳುತ್ತೀ. ಆ ಆರು ಲಕ್ಷ ಮಂದಿಗೆ ನಾನು ಮೊಮ್ಮಗಳನ್ನು ಕೊಟ್ಟಿಲ್ಲ. ಒಂದೇ ಮನೆಗೆ ಕೊಟ್ಟಿದ್ದೇನೆ. ಆ ಅಂಗಳಕ್ಕೆ ಬಸ್ಸು ಹೋಗುತ್ತದೆ.

ಈಗ ನಿನ್ನ ಪಾಲು. ಸ್ನೇಹಲ್ ನೂಲ ಹುಣ್ಣಿಮೆಯವರೆಗೆ ಇಲ್ಲೇ ಇರುತ್ತಾಳೆ. ಅದರೊಳಗೆ ರಜೆ ಹಾಕಿ ಬಾ. ಕಿತ್ತೂರಿನಲ್ಲಿ ಇಳಿದವಳು ನೇರ ಮನೆಗೆ ಬರಬೇಡ. ಮೊದಲು ಬೈಲಹೊಂಗಲಕ್ಕೆ ಹೋಗಿ ಅಯಾಜ್‌ನ ಮುಂದೆ ನಿಲ್ಲು. ಅಲ್ಲಿ ನಿನ್ನ ವಿದ್ಯೆಯ ಮಾತು ಒಂದೂ ಬೇಡ. ಬೇಗಂಬಿ ಏನಾದರೂ ಅಂದರೆ ಪೂರ್ತಿ ಕೇಳಿಸಿಕೊ. ಆಮೇಲೆ ಇಲ್ಲಿಗೆ ಬಾ, ನನ್ನ ಬೈಗುಳ ನಿನಗೋಸ್ಕರ ಎತ್ತಿಟ್ಟಿದ್ದೇನೆ, ಮಸ್ತಾಗಿ ಮಾಗಿದೆ.

ಹುಣ್ಣಿಮೆಗೆ ಸ್ನೇಹಲ್‌ಳನ್ನು ಕರೆದೊಯ್ಯಲು ಶಟ್ಟೆವ್ವ ತಾನೇ ಬರುತ್ತಾಳಂತೆ. ಕತ್ತರಿ ಹಿಡಿದ ಬೀಗರ ಹುಡುಗಿಯ ಮೇಲೆ ಒಂದು ಹಾಡು ಕಟ್ಟಿದ್ದಾಳೆ. ಸ್ನೇಹಲ್‌ಗೆ ಗೊತ್ತಿದೆ, ದಿನಕ್ಕೆ ಹತ್ತು ಸಲ ಹಾಡಿಕೊಂಡು ನಗುತ್ತಾಳೆ. ನನಗೂ ಬಾಯಿಪಾಠ ಆಗಿದೆ. ಆದರೆ ಬರೆದು ಕಳಿಸುವುದಿಲ್ಲ. ಬಂದು, ಅವಳ ಎದುರಿಗೆ ನಿಂತು, ಪೂರ್ತಿ ಕೇಳು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಕುಳಿತು ಜವಾಬು ಕಟ್ಟಿಕೊ. ನಾನು ಹೇಳಿಕೊಡುವುದಿಲ್ಲ.

ನಿನ್ನ ಅಜ್ಜಿ
ಸಿದ್ದಲಿಂಗವ್ವ